ಬಟಾಣಿ ಹೆಚ್ಚೋ, ಕಿತ್ತಳೆ ರಸ ಹೆಚ್ಚೋ

ದೇವರು ನನಗೆ ಕೊಡದೆ ಉಳಿಸಿಕೊಂಡದ್ದು ಬಹಳವಿಲ್ಲ. ಎರಡು ವಸ್ತು ಎದುರಿಗಿಟ್ಟು ಯಾವುದು ಹೆಚ್ಚು ಎಂದು ಕೇಳಿದರೆ ಹೇಳುವ ಬುದ್ಧಿ ಮಾತ್ರ ಕೊಡಲಿಲ್ಲ. ಇದು ಗೊತ್ತಿದ್ದೇ ನಮ್ಮವರು, ಸೀರೆ ಅಂಗಡಿಗೆ ಹೋದಾಗ ಹೊರಗೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತುಬಿಡುತ್ತಾರೆ. ಆದರೆ ಆ ಸಲದ ಆಷಾಢದಲ್ಲಿ ಆರಿಸಬೇಕಾದದ್ದು ಸೀರೆಯಲ್ಲ, ಅತ್ತೆಯವರಿಗೆ ತ್ರಾಣ ತರುವ ಆಹಾರ.

ಪುಣೆಯ ಹಳೆಯ ವಠಾರದಂಥ ವಾಡೆಯೊಂದರಲ್ಲಿ ನಮ್ಮವು ಎರಡು ಕೋಣೆ. ಅತ್ತೆಯವರು ಟೈಫಾಯ್ಡ್ ಬಂದು ಮಲಗಿದ್ದರು. ರಾಯರ ದಯೆ, ಜ್ವರ ಇಳಿಯಿತು. ಆದರೆ ಎತ್ತಿ ಕೂಡಿಸಿದರೆ ಕತ್ತು ವಾಲುತ್ತಿತ್ತು. ಬೀದಿ ಮೂಲೆಯ ಡಾಕ್ಟರು ಬಂದು, ಹಣ್ಣಿನ ರಸ, ಹಸಿರು ತರಕಾರಿ ಹೋಗದಿದ್ದರೆ ಮುದುಕಿ ಮತ್ತೆ ಏಳುವುದಿಲ್ಲ ಎಂದು ಮರಾಠಿಯಲ್ಲಿ ಹೆದರಿಸಿ ಹೋದರು. ಸುದ್ದಿ ತಿಳಿದ ನಾದಿನಿಯ ಗಂಡ ಮಿಲಿಟರಿ ಕ್ಯಾಂಟೀನಿನಿಂದ ಎರಡು ಡಬ್ಬಿ ಕಳಿಸಿದರು. ಒಂದರಲ್ಲಿ ಕಿತ್ತಳೆ ರಸ, ಇನ್ನೊಂದರಲ್ಲಿ ಹಸಿರು ಬಟಾಣಿ.

ಕಷ್ಟ ಶುರುವಾದದ್ದು ಇಲ್ಲಿ. ಆಗಷ್ಟೇ ನಾಲ್ಕು ತಿಂಗಳ ವ್ರತದ ಚಾತುರ್ಮಾಸ ಹಿಡಿದಿತ್ತು. ಮೊದಲ ತಿಂಗಳು ಅತ್ತೆಯವರಿಗೆ ಕಾಯಿಪಲ್ಲೆ ನಿಷಿದ್ಧ. ಹಣ್ಣಿನಲ್ಲಿ ಮಾವೊಂದು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಬೇಳೆಗೆ ಅಡ್ಡಿಯಿಲ್ಲ, ಅದನ್ನು ಬಿಡುವುದು ನಾಲ್ಕನೆಯ ತಿಂಗಳು. ಎರಡರಲ್ಲಿ ಯಾವುದು ಹೆಚ್ಚು ಪುಷ್ಟಿಯೋ ಅದೊಂದಕ್ಕಾದರೂ ಒಪ್ಪಿಸೋಣ ಎಂದು ನಮ್ಮವರಿಂದ ಡಬ್ಬಿಯ ಇಂಗ್ಲಿಷ್ ಓದಿಸಿದೆ.

"ರಸದಾಗ ವಿಟಮಿನ್ ಸಿ ಅದ. ಬಟಾಣ್ಯಾಗ ಪ್ರೋಟೀನ್ ಅದ, ಕಬ್ಬಿಣ ಅದ."

"ಹಂಗಾರ ಯಾವುದು ಹೆಚ್ಚರಿ?"

"ಅದು ಬ್ಯಾರೆ, ಇದು ಬ್ಯಾರೆ. ಕುರ್ಚಿ ಹೆಚ್ಚೋ ಛತ್ರಿ ಹೆಚ್ಚೋ ಅಂತ ಕೇಳಿದಂಗಾತು."

"ಮಳಿ ಬಂದಾಗ ಛತ್ರಿನ ಹೆಚ್ಚಲ್ರಿ," ಎಂದೆ. ಅವರು ಕನ್ನಡಕ ಒರೆಸಿಕೊಂಡು ಸಣ್ಣಕ್ಷರ ಓದಿದರು. ಬಟಾಣಿ ಹಸಿಯದಲ್ಲವಂತೆ; ಒಣ ಬಟಾಣಿ ನೆನೆಸಿ, ಬೇಯಿಸಿ, ಬಣ್ಣ ಹಾಕಿದ್ದಂತೆ. ನನಗೆ ದೇವರೇ ದಾರಿ ತೋರಿಸಿದಂತಾಯಿತು. ಒಣ ಬಟಾಣಿ ಎಂದರೆ ಬೇಳೆಯ ಜಾತಿ, ಕಾಯಿಪಲ್ಲೆಯಲ್ಲ, ವ್ರತಕ್ಕೆ ಭಂಗವಿಲ್ಲ. ಓಡಿಹೋಗಿ ಅತ್ತೆಯವರಿಗೆ ಹೇಳಿದೆ.

ಅವರು ಕಣ್ಣು ತೆರೆಯದೆಯೇ ಕೇಳಿದರು: "ನೋಡ್ಲಿಕ್ಕೆ ಹಸರ ಅದನೋ ಇಲ್ಲೋ?"

"ಹಸರ ಅದರಿ."

"ಈ ತಿಂಗಳು ಕಾಯಿಪಲ್ಯೆ ಅಂತ ಬ್ಯಾಡ, ನಾಕನೇ ತಿಂಗಳು ಬ್ಯಾಳಿ ಅಂತ ಬ್ಯಾಡ. ಅಲ್ಲದ, ಅದನ್ನ ಕುದಿಸಿದವರು ಮಡಿಯೊಳಗ ಇದ್ರೇನು?"

"ಹಂಗಾರ ರಸಾನರೆ ಕುಡೀರಿ."

"ಕಿತ್ತಳಿ ಮಾವಿನಹಣ್ಣು ಯಾವಾಗ ಆತು?"

ನನಗೆ ಅಳುವೇ ಬಂತು. ಅದನ್ನು ಕಂಡೋ ಏನೋ, ಅವರ ದನಿ ಮೆತ್ತಗಾಯಿತು. "ಯಾತರಾಗ ಶಕ್ತಿ ಹೆಚ್ಚದನೋ ಅದನ್ನ ನೀ ತಿನ್ನವಾ. ನನ್ನ ಎತ್ತಿ ಕೂಡಸಾಕಿ ನೀನ ಅಲ್ಲೇನು?"

ಹಿರಿಯರ ಅಪ್ಪಣೆ ಮೀರುವಂತಿಲ್ಲ. ಯಾವುದರಲ್ಲಿ ಹೆಚ್ಚು ಎಂಬುದು ಇನ್ನೂ ತೀರ್ಮಾನವಾಗದ ಕಾರಣ ಎರಡನ್ನೂ ಒಡೆದೆ. ನಮ್ಮಲ್ಲಿ ಫ್ರಿಜ್ ಇಲ್ಲ. ಒಡೆದದ್ದನ್ನು ಅಂದೇ ಮುಗಿಸಬೇಕು. ನಮ್ಮವರಿಗೆ ಹುಳಿ ಆಗದು, ಬಟಾಣಿ ಕಂಡರೆ ಹೊಟ್ಟೆಯುಬ್ಬರ. ಹೀಗಾಗಿ ವಿಟಮಿನ್, ಪ್ರೋಟೀನ್, ಕಬ್ಬಿಣ ಎಲ್ಲವೂ ನನ್ನ ಪಾಲಿಗೆ ಬಂದವು. ಅತ್ತೆಯವರಿಗೆ ಹೆಸರುಬೇಳೆ ಗಂಜಿಗೆ ತುಪ್ಪ ಹಾಕಿ ಕುಡಿಸುತ್ತ ಹೋದೆ. ಕೆಲವು ದಿನಗಳಲ್ಲಿ ಅವರು ಗೋಡೆ ಹಿಡಿದು ತಾವೇ ತುಳಸಿಕಟ್ಟೆಗೆ ಹೋಗಿ ನಿಂತರು. ನಾನು ಬಾಗಿಲಲ್ಲೇ ಕೈ ಮುಗಿದೆ.

ಅಂದೇ ಬಂದ ಡಾಕ್ಟರು ಕೇಳಿದರು, "ರಸ ಕೊಟ್ಟಿರೋ, ತರಕಾರಿ ಕೊಟ್ಟಿರೋ?"

"ಎರಡೂ ಡಬ್ಬಿ ಖಾಲಿಯಾದವು, ಡಾಕ್ಟರ್," ಎಂದೆ. ಸುಳ್ಳಂತೂ ಅಲ್ಲ.

"ಬಘಾ, ನೋಡಿದಿರಾ," ಎಂದು ಅವರು ಹಿಗ್ಗಿದರು. ಆಮೇಲೆ ಪೇಟೆಯಲ್ಲಿ ಯಾರು ಕಾಯಿಲೆಯಿಂದ ಮಲಗಿದರೂ ಅವರ ಮನೆಯವರನ್ನು ನನ್ನ ಹತ್ತಿರ ಕಳಿಸತೊಡಗಿದರು. ಬಂದವರು, "ವಹಿನಿ, ರಸ ಹೆಚ್ಚೋ ಬಟಾಣಿ ಹೆಚ್ಚೋ?" ಎಂದು ಕೇಳುತ್ತಾರೆ. ನನಗೆ ಇಂದಿಗೂ ತಿಳಿಯದು. ಕೂಡಿಸಿ, ಚಹಾ ಕೊಟ್ಟು, ನಾನೇ ಒಂದು ಪ್ರಶ್ನೆ ಕೇಳುತ್ತೇನೆ: "ಯಾರಿಗೆ? ಮಲಗಿದವರಿಗೋ, ಎತ್ತುವವರಿಗೋ?"