ಅರ್ಧ ಕುದುರೆ ಕಡಿಮೆ

‘ನನಗೆ ಗೊತ್ತಿಲ್ಲ’ ಎನ್ನುವುದು ನನ್ನ ಬಾಯಿಂದ ಬರಲಿಲ್ಲ. ತಂಗಿಗೆ ನಾನು ಮಾಡಿದ ಅನ್ಯಾಯ ಶುರುವಾದದ್ದು ಅಲ್ಲಿಂದ. ಏಳನೇ ತರಗತಿಗೆ ಶಾಲೆ ಬಿಟ್ಟವನು ಮಸ್ಕಿಯ ಪಂಪ್‌ಸೆಟ್ ಅಂಗಡಿಯಲ್ಲಿ ಕೂತು ಕೂದಲು ಬೆಳ್ಳಗಾಗಿಸಿಕೊಂಡರೆ, ಕರೆಂಟಿನ ವಿದ್ಯೆಯೆಲ್ಲ ತಾನಾಗಿ ತಲೆಗೆ ಇಳಿದಿರುತ್ತದೆ ಎಂದು ಮನೆಯವರು ನಂಬುತ್ತಾರೆ. ತೊಂದರೆ ಏನೆಂದರೆ, ನಾನೂ ನಂಬಿದ್ದೆ.

ತಂಗಿ ಶರಣಮ್ಮ ವಳಕಮದಿನ್ನಿಯಲ್ಲಿ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಜೋಳದ ರೊಟ್ಟಿ ಮಾಡಿ ಸಿಂಧನೂರಿನ ಖಾನಾವಳಿಗೆ ಕೊಡುತ್ತಾಳೆ. ಹಿಟ್ಟು ನಾದುವ ಯಂತ್ರದ ಮೋಟರು ಸುಟ್ಟಿತು. “ಅಣ್ಣ, ಇದರ ಮ್ಯಾಲೆ ಒಂದೂವರಿ ಕಿಲೋವ್ಯಾಟ್ ಅಂತ ಐತಿ. ನಿಮ್ಮ ಅಂಗಡ್ಯಾಗ ಹೆಚ್.ಪಿ. ಲೆಕ್ಕ ಅಲ್ಲೇನು? ಎಷ್ಟು ಹೆಚ್.ಪಿ.ದು ಬೇಕು?” ಎಂದು ಫೋನಿನಲ್ಲಿ ಕೇಳಿದಳು. ಹೆಚ್.ಪಿ. ಎಂದರೆ ಕುದುರೆಯ ಶಕ್ತಿ ಎಂದು ಯಾರೋ ಹೇಳಿದ್ದು ನೆನಪಿತ್ತು. ಎಂಥ ಕುದುರೆ ಎಂದು ವಿಚಾರಿಸಿದವನಲ್ಲ. ನಾನು ಹತ್ತಿರದಿಂದ ನೋಡಿದ್ದು ಮದುವೆ ಮೆರವಣಿಗೆಯ ಕುದುರೆ ಒಂದನ್ನೇ. ಅದು ಮದುಮಗನನ್ನೇ ಹೊರಲಾರದೆ ಬ್ಯಾಂಡಿನವರ ಹಿಂದೆ ನಿಂತುಬಿಡುತ್ತಿತ್ತು. “ಎಲ್ಲಾ ಒಂದ ಬೇ. ಒಂದೂವರಿಗೆ ಒಂದೂವರಿ” ಎಂದು ಒಂದೂವರೆ ಹೆಚ್.ಪಿ. ಮೋಟರು ಕಳಿಸಿದೆ.

ಅದು ಖಾಲಿ ಇದ್ದಾಗ ಚೆನ್ನಾಗಿ ತಿರುಗಿತು. ಹಿಟ್ಟು ಹಾಕಿದರೆ ಗುಂಯ್ ಎಂದು ನಿಂತು ಕಾಯತೊಡಗಿತು. ಶರಣಮ್ಮ ಮತ್ತೆ ಫೋನು ಮಾಡಿದಳು. ಆಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. “ಮೋಟರ್ ಹೊಸಾದು. ನಿನ್ನ ಹಿಟ್ಟ ಗಟ್ಟಿ ಆಗೈತಿ. ಮೊದ್ಲು ಹಿಟ್ಟು ಕಲಸಾಕ ಕಲಿ” ಎಂದೆ. ಊರೆಲ್ಲ ಹೊಗಳುವ ಕೈಗೆ ನಾನು ಹೀಗೆ ಅಂದದ್ದು, ಫೋನಿನ ಸ್ಪೀಕರ್ ಹಾಕಿದ್ದರಿಂದ ನಾಲ್ಕೂ ಹೆಂಗಸರಿಗೆ ಕೇಳಿತು. ಪಾಪ, ಅವಳು ನನ್ನ ಮಾತು ನಂಬಿ ಹಿಟ್ಟು ಸಡಿಲ ಮಾಡಿದಳು. ರೊಟ್ಟಿ ಹರಿದವು. “ಅಮ್ಮಾರ, ಕೈ ಬದಲಾತೇನ್ರಿ? ಹಿಂಗಾದ್ರ ಬ್ಯಾರೆ ಕಡೆ ನೋಡ್ತೀವಿ” ಎಂದನಂತೆ ಖಾನಾವಳಿಯವನು.

ಆಮೇಲೆ ಅವಳ ಫೋನು ಬರಲಿಲ್ಲ, ಬುತ್ತಿಯೂ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನಾನು ಒಂಟಿ. ಸೋಮವಾರ ಸೋಮವಾರ ಸಿಂಧನೂರಿನ ಬಸ್ಸಿನ ಡ್ರೈವರನ ಕೈಯಲ್ಲಿ ತಂಗಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಳಿಸುತ್ತಿದ್ದಳು. ಬುತ್ತಿ ನಿಂತರೂ ನಾನು ಆ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಹೋಗುವುದು ನಿಲ್ಲಲಿಲ್ಲ. ಡ್ರೈವರ್ ಇಲ್ಲವೆಂದು ಕೈಯಾಡಿಸಿದರೆ, ಬೇರೆ ಯಾರಿಗೋ ಕಾಯುತ್ತಿರುವವನಂತೆ ಹಿಂದಿನ ಬಸ್ಸನ್ನು ನೋಡುತ್ತಿದ್ದೆ. “ನಿಮ್ಮ ತಂಗಿ ಈಗ ಕೈಲೇ ನಾದಾಕತ್ತ್ಯಾಳ್ರೀ. ರಟ್ಟಿ ಬಿದ್ದು ಹೋಗ್ಯಾವಂತ” ಎಂದ ಒಮ್ಮೆ. ಮನೆಗೆ ಬಂದು ಅನ್ನಕ್ಕಿಟ್ಟೆ. ನೀರು ಹೆಚ್ಚಾಯಿತು. ಬೈಯಲು ಯಾರೂ ಇಲ್ಲದ್ದರಿಂದ ಪಾತ್ರೆಯನ್ನೇ ಬೈದು ಉಂಡೆ.

ಒಂದು ದಿನ ಅಂಗಡಿಯಲ್ಲಿ ನಾನು ಟವೆಲ್ ಒಣಹಾಕುವ ಮೋಟರನ್ನು ಗಿರಾಕಿಯೊಬ್ಬ ಕೇಳಿದ. ಟವೆಲ್ ತೆಗೆದೆ. ತಗಡಿನ ಪಟ್ಟಿಯ ಮೇಲೆ ಕಿಲೋವ್ಯಾಟ್ 1.5 ಎಂದಿತ್ತು, ಪಕ್ಕದಲ್ಲೇ ಹೆಚ್.ಪಿ. 2 ಎಂದಿತ್ತು. ಮಾಲೀಕರನ್ನು ಕೇಳಿದೆ. “ಒಂದು ಹೆಚ್.ಪಿ.ಗೆ ಏಳುನೂರ ನಲವತ್ತಾರು ವ್ಯಾಟ್. ಇಷ್ಟು ವರ್ಷ ಏನ್ ಮಾರಿದ್ಯೋ ಮಾರಾಯ?” ಎಂದರು. ಎರಡು ಕುದುರೆ ಬೇಕಿದ್ದಲ್ಲಿ ನಾನು ಒಂದೂವರೆ ಕಳಿಸಿದ್ದೆ. ಉಳಿದ ಅರ್ಧ ಕುದುರೆಗೆ ಬೈಸಿಕೊಂಡವಳು ನನ್ನ ತಂಗಿ.

ಎರಡು ಹೆಚ್.ಪಿ.ಯದನ್ನು ಹೊತ್ತು ಬಸ್ ಹತ್ತಿದೆ. ನನ್ನ ಪರವಾಗಿ ಮೋಟರೇ ಮಾತಾಡಲಿ ಎಂಬ ಆಸೆ. ಜೋಡಿಸಿ ಕೊಟ್ಟೆ. ಶರಣಮ್ಮ ಎಂದಿನ ಗಟ್ಟಿ ಹಿಟ್ಟು ಹಾಕಿದಳು. ಸಲೀಸಾಗಿ ತಿರುಗಿತು. ಹೆಂಗಸರು ರೊಟ್ಟಿ ಬಡಿಯುವುದು ಬಿಟ್ಟು ನನ್ನನ್ನೇ ನೋಡಿದರು. ನಾನು ಏಳುನೂರ ನಲವತ್ತಾರರಿಂದ ಶುರು ಮಾಡಿದೆ.

“ಕುದುರಿ ಲೆಕ್ಕ ಇರ್ಲಿ ಅಣ್ಣ. ನನ್ನ ಹಿಟ್ಟಿಗೆ ಅಂದಿದ್ದಿ, ಅದನ್ನ ಹೇಳು.”

ಮೋಟರಿನ ಸದ್ದಿನ ಮರೆಯಲ್ಲಿ ಮೆಲ್ಲಗೆ ಏನೋ ಅಂದೆ.

“ಕೇಳವಲ್ದು” ಎಂದು ಅವಳು ಮೋಟರು ಬಂದ್ ಮಾಡಿದಳು.

“ನಿನ್ನ ಹಿಟ್ಟು ಬರೋಬರಿ ಇತ್ತವ್ವ. ನನಗ ಗೊತ್ತಿದ್ದಿಲ್ಲ. ತಪ್ಪಾತು.”