ರೈಲಜ್ಜನನ್ನು ನೋಡಲು ಬಂದವರು

ಎಲ್ಲ ರಗಳೆಗೂ ಕಾರಣ ಒಂದು ಕಾರ್ಡು. ರೈಲ್ವೆಯ ಆಫೀಸರೊಬ್ಬರು ಸೋಮವಾರ ಬರುತ್ತಾರೆ, ನಿಮ್ಮ ಮಿಲ್ಲಿನ ಹಳೆಯ ಇಂಜಿನು ನೋಡುತ್ತಾರೆ, ಯೋಗ್ಯವೆಂದು ಕಂಡರೆ ಮುಂದೆ ಆಗಲಿರುವ ಮ್ಯೂಸಿಯಮ್ಮಿಗೆ ಒಯ್ದು ಬದಲಿಗೆ ಹೊಸ ಬಾಯ್ಲರು ಕೊಡುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಪಾಣೆಮಂಗಳೂರಿನ ಅಕ್ಕಿ ಮಿಲ್ಲಿನ ಧಣಿ ರುಕ್ಮಯ್ಯನವರು ಅದನ್ನು ಮೂರು ಸಲ ಓದಿ ಮೂರು ಸಲವೂ ನಕ್ಕರು. ಬೆಂಕಿ ಹಾಕುವ ಜತ್ತಪ್ಪ ಒಂದೇ ಸಲ ಕೇಳಿದ. ಅಷ್ಟಕ್ಕೇ ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು.

ಆ ಇಂಜಿನು ಒಂದು ಕಾಲದಲ್ಲಿ ನಿಜವಾದ ರೈಲನ್ನು ಎಳೆದದ್ದು. ರುಕ್ಮಯ್ಯನವರ ತಂದೆ ಅದನ್ನು ಹರಾಜಿನಲ್ಲಿ ಹಿಡಿದು, ಬಿಚ್ಚಿ, ದೋಣಿಗಳಲ್ಲಿ ಹೇರಿ ಮಂಗಳೂರಿನಿಂದ ನೇತ್ರಾವತಿಯಲ್ಲೇ ಮೇಲಕ್ಕೆ ತಂದಿದ್ದರು. ಅಂದಿನಿಂದ ಅದು ಮಿಲ್ಲಿನ ಹಿಂದೆ, ಚಕ್ರಗಳನ್ನು ಅರ್ಧ ಮಣ್ಣಿನಲ್ಲಿ ಹೂತುಕೊಂಡು, ಉಮಿ ತಿಂದು ಹಬೆ ಬಿಟ್ಟು ಊರಿಗೆಲ್ಲ ಕುಚ್ಚಲಕ್ಕಿಯ ಭತ್ತ ಬೇಯಿಸಿಕೊಡುತ್ತಿತ್ತು. ಊರಿನವರು ಅದನ್ನು ರೈಲಜ್ಜ ಎನ್ನುತ್ತಿದ್ದರು. ರೈಲು ಇನ್ನೂ ಕಾಣದ ಆ ಊರಿಗೆ ಅದೊಂದೇ ರೈಲು.

ಜತ್ತಪ್ಪ ಹನ್ನೊಂದು ವರ್ಷದಿಂದ ಅದರ ಸೇವೆಯಲ್ಲಿದ್ದ. ಯಾವ ಕೀಲಿಗೆ ಎಷ್ಟು ಎಣ್ಣೆ, ಯಾವ ಕೊಳವೆ ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಎಷ್ಟು ಚೆಂದದ ಕೆಲಸ ಮಾಡಿದ್ದಾರೆ ಇದನ್ನು ಕಟ್ಟಿದ ಪುಣ್ಯಾತ್ಮರು ಎಂದು ದಿನಕ್ಕೊಮ್ಮೆಯಾದರೂ ಅದರ ಬೆನ್ನು ಸವರುತ್ತಿದ್ದ. ಮನೆಯಲ್ಲಿ ಹೆಂಡತಿ ವಾರಿಜಾಕ್ಷಿ, "ನನ್ನ ಬೆನ್ನು ನೋಯುವಾಗ ಈ ಕೈ ಎಲ್ಲಿರುತ್ತದೆ?" ಎಂದು ಕೇಳುವುದಿತ್ತು. ರೈಲಜ್ಜ ಹೋದರೆ ತಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬುದೇ ಅವನಿಗೆ ತೋಚಲಿಲ್ಲ.

ಹಾಗಾಗಿ ಸೋಮವಾರ ಬೆಳಕು ಹರಿಯುವ ಮೊದಲೇ ಬಂದು, ಉಮಿಯ ಬೂದಿಗೆ ಎಣ್ಣೆ ಕಲಸಿ ರೈಲಜ್ಜನ ಮೈಗೆಲ್ಲ ಮೆತ್ತಿದ. ಹೆಸರು, ಇಸವಿ ಕೊರೆದ ಹಿತ್ತಾಳೆಯ ಫಲಕದ ಮೇಲೆ ಎರಡು ಹಿಡಿ ಜಾಸ್ತಿಯೇ ಬಿತ್ತು. "ಸ್ವಲ್ಪ ಹೊತ್ತು ತಡೆದುಕೋ ಅಜ್ಜ, ನಿನ್ನ ಒಳ್ಳೆಯದಕ್ಕೇ" ಎಂದು ಮೆಲ್ಲಗೆ ಹೇಳಿ, ಬೆಳಗಿನ ಭತ್ತಕ್ಕೆ ಬೆಂಕಿ ಹಾಕಿ, ಚಾ ಕುಡಿಯಲು ಹೋದ.

ತಿರುಗಿ ಬರುವಾಗ ರೈಲಜ್ಜ ಥಳಥಳ ಹೊಳೆಯುತ್ತಿದ್ದ. ಭತ್ತ ಒಣಗಿಸುವ ಸೇಸಮ್ಮ ಎರಡು ಕೊಡ ನೀರು, ಒಂದು ಉಂಡೆ ಹುಣಸೆಹುಳಿ ಮುಗಿಸಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಎಂತ ಜತ್ತಪ್ಪಣ್ಣ, ಹೆಣ್ಣು ನೋಡಲಿಕ್ಕೆ ಬರುವ ದಿನ ಹುಡುಗಿಯ ಮುಖಕ್ಕೆ ಯಾರಾದರೂ ಮಸಿ ಬಳಿಯುತ್ತಾರಾ?"

"ನಿನ್ನಲ್ಲಿ ತೊಳೆ ಅಂತ ಹೇಳಿದವರು ಯಾರು ಮಾರಾಯ್ತಿ?"

"ಹೇಳಬೇಕಾ? ಊರಿನ ಮರ್ಯಾದೆಯ ಪ್ರಶ್ನೆ."

ಅವಳು ಅತ್ತ ಹೋದದ್ದೇ ತಡ, ಜತ್ತಪ್ಪ ಮತ್ತೆ ಬೂದಿ ಕಲಸಿದ. ಈ ಸಲ ಹರಕು ಗೋಣಿಯನ್ನೂ ಹೊದೆಸಿದ. ಆದರೆ ಎದುರಿನ ಒಣಮೀನಿನ ಅಂಗಡಿಯ ಅಬೂಬಕ್ಕರ್ ಬ್ಯಾರಿಗಳು ಒಂದು ಮಾರು ಅಬ್ಬಲಿಗೆ ಮಾಲೆ ಹಿಡಿದು ಬಂದೇಬಿಟ್ಟರು.

"ಇದೆಂತ ಗೋಣಿ? ತೆಗಿ, ತೆಗಿ. ನನ್ನ ಅಂಗಡಿಗೆ ಬರುವ ಗಿರಾಕಿಗೆಲ್ಲ ನಾನು ರೈಲಜ್ಜನನ್ನು ತೋರಿಸಿಯೇ ಮೀನು ಕೊಡುವುದು," ಎಂದು ಗೋಣಿ ಎಳೆದು, ಅದರಿಂದಲೇ ಬೂದಿ ಒರೆಸತೊಡಗಿದರು. ಜತ್ತಪ್ಪ ಒಂದು ಕಡೆಯಿಂದ ಮೆತ್ತುವುದು, ಅವರು ಇನ್ನೊಂದು ಕಡೆಯಿಂದ ಒರೆಸುವುದು, ಹೀಗೆ ರೈಲಜ್ಜನಿಗೆ ಎರಡು ಪ್ರದಕ್ಷಿಣೆಯಾಗುವಾಗ ಹೊರಗೆ ಕಾರಿನ ಸದ್ದು ಕೇಳಿತು. ಫಲಕದ ಬೂದಿ ಮಾತ್ರ ಪುಣ್ಯಕ್ಕೆ ಹಾಗೇ ಉಳಿದಿತ್ತು.

ಆಫೀಸರು ಮೈಸೂರು ಕಡೆಯವರು. ತೆಳ್ಳಗೆ, ಕನ್ನಡಕ, ಕೈಯಲ್ಲೊಂದು ಪುಸ್ತಕ. ಇಂಜಿನಿನ ಸುತ್ತ ಬಂದು ಬೆತ್ತದಿಂದ ಎರಡು ಸಲ ಕುಟ್ಟಿ ಮೂಗು ಸಿಂಡರಿಸಿದರು.

"ಇಂಥದ್ದು ಬೇಕಾದಷ್ಟಿವೆ ರುಕ್ಮಯ್ಯನೋರೇ. ಚಕ್ರವೆಲ್ಲ ತುಕ್ಕು ತಿಂದಿದೆ."

ಜತ್ತಪ್ಪನಿಗೆ ಎದೆಯ ಭಾರ ಇಳಿದ ಹಾಗಾಯಿತು. ತುಕ್ಕು ಎಂದದ್ದು ಸ್ವಲ್ಪ ಚುಚ್ಚಿತು, ಆದರೂ ನುಂಗಿಕೊಂಡ.

"ಬಾಯ್ಲರ್ ತೂತು ಬಿದ್ದಿರುತ್ತೆ. ನೋಡ್ಕೊಳ್ಳೋರು ಸರಿ ಇಲ್ಲ ಅನ್ಸುತ್ತೆ."

ಜತ್ತಪ್ಪ ಹಲ್ಲು ಕಚ್ಚಿ ಹಿಡಿದ. ಇನ್ನೈದು ನಿಮಿಷ ಸುಮ್ಮನಿದ್ದರೆ ರೈಲಜ್ಜ ಉಳಿಯುತ್ತಾನೆ.

"ಮಾಡಿದೋರೂ ಅಷ್ಟಕ್ಕಷ್ಟೇ. ಕೂಗೋಕೂ ಬರೋದಿಲ್ಲ ಇದಕ್ಕೆ. ಗುಜರಿಗೆ ಹಾಕಿಬಿಡಿ."

"ಸ್ವಾಮೀ," ಎಂದ ಜತ್ತಪ್ಪ.

ಆ ದನಿಗೆ ಧಣಿಗಳೇ ಒಂದು ಹೆಜ್ಜೆ ಹಿಂದೆ ಸರಿದರು.

"ತೂತು ಎಲ್ಲಿ ಉಂಟು, ತೋರಿಸಿ. ಒಂದು ರಿವೆಟ್ಟು ಸೋರಿದರೆ ನನ್ನ ಕಿವಿ ಕೊಯ್ದು ಕೊಡ್ತೇನೆ. ಇಲ್ಲಿ ಕೈ ಇಡಿ, ಜೋಡಿಸಿದ್ದು ಸಿಗುತ್ತದಾ ಬೆರಳಿಗೆ? ಸುತ್ತಿಗೆಯಲ್ಲಿ ಮಾಡಿದ ಕೆಲಸ ಸ್ವಾಮೀ ಇದು. ಅವರನ್ನು ಅಷ್ಟಕ್ಕಷ್ಟೇ ಅಂತೀರಾ?" ಹೆಗಲಿನ ಬೈರಾಸು ತೆಗೆದು ಫಲಕವನ್ನು ಗಸಗಸ ಉಜ್ಜಿದ. "ಓದಿ. ಸಾವಿರದ ಎಂಟುನೂರ ತೊಂಬತ್ತೆರಡು. ಎಪ್ಪತ್ತೆರಡು ವರ್ಷ ಆಯಿತು, ಒಂದು ದಿನ ಕೆಮ್ಮಲಿಲ್ಲ. ಕೂಗಲಿಕ್ಕೆ ಬರುವುದಿಲ್ಲವಾ?"

ಹಗ್ಗ ಹಿಡಿದು ಜಗ್ಗಿದ. ರೈಲಜ್ಜ ಕೂಗಿದ ಕೂಗಿಗೆ ಮಿಲ್ಲಿನ ಹಂಚು ಅದುರಿತು, ಹೊಳೆಯ ಆಚೆ ದಡದ ಕೊಕ್ಕರೆಗಳೆಲ್ಲ ಎದ್ದವು, ಆಫೀಸರರ ಕನ್ನಡಕದ ಮೇಲೆ ಹಬೆ ಕೂತಿತು. ಸೇಸಮ್ಮ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಅಷ್ಟು ಚೆಂದದ ಕೂಗು.

ಆಫೀಸರು ಕನ್ನಡಕ ಒರೆಸುತ್ತಾ ಮೊದಲ ಸಲ ನಕ್ಕರು.

"ಒಯ್ತೀವಿ ರುಕ್ಮಯ್ಯನೋರೇ. ಮಳೆಗೆ ಮುಂಚೆ."

"ಗುಜರಿ ಅಂದಿರಲ್ಲ?" ಧಣಿಗಳಿಗೆ ತಲೆಬುಡ ತಿಳಿಯಲಿಲ್ಲ.

"ಎಲ್ಲಾ ಕಡೆಯೂ ಹಾಗೇ ಅಂತೀನಿ. ಮಾಲೀಕರನ್ನ ಕೇಳಿದ್ರೆ ಹೊಸ ಬಾಯ್ಲರ್ ಆಸೆಗೆ ಎಲ್ಲರೂ ಹೊಗಳ್ತಾರೆ. ಅದಕ್ಕೇ ಬೈದು ನೋಡೋದು. ಬೈದಾಗ ಯಾರಿಗೂ ಸಿಟ್ಟು ಬರದಿದ್ರೆ ಚಾ ಕುಡಿದು ವಾಪಸು ಹೋಗ್ತೀನಿ. ಸಿಟ್ಟು ಬರೋ ಒಬ್ಬ ಇದ್ದಾನೆ ಅಂದ್ರೆ ಅಲ್ಲಿ ಇಂಜಿನ್ ಚೆನ್ನಾಗಿರುತ್ತೆ. ನಿಮ್ಮ ಈ ಮನುಷ್ಯ ಇಲ್ಲದಿದ್ರೆ ನಾನು ಬಿಟ್ಟೇ ಹೋಗ್ತಿದ್ದೆ."

ಅಬೂಬಕ್ಕರ್ ಬ್ಯಾರಿಗಳು ಓಡಿ ಬಂದು ಅಬ್ಬಲಿಗೆ ಮಾಲೆಯನ್ನು ಜತ್ತಪ್ಪನ ಕೊರಳಿಗೇ ಹಾಕಿದರು. ಧಣಿಗಳು ಬೆನ್ನು ತಟ್ಟಿದರು. ಜತ್ತಪ್ಪ ಮಾಲೆ ಹೊತ್ತುಕೊಂಡು ಕಲ್ಲಿನ ಹಾಗೆ ನಿಂತಿದ್ದ. ಅವನ ಕಣ್ಣು ತುಂಬಿ ಬಂದಿತ್ತು, ಆದರೆ ಹಬೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ.

ಆಫೀಸರು ಪುಸ್ತಕ ಬಿಚ್ಚಿ, ಬರೆಯುತ್ತಾ ಬಾಯಿಬಿಟ್ಟು ಹೇಳಿಕೊಂಡರು. "ಇಂಜಿನಿನ ಸ್ಥಿತಿ, ಸಾಧಾರಣ."

ಜತ್ತಪ್ಪ ಮೂಗೊರೆಸಿಕೊಂಡು ಹತ್ತಿರ ಹೋಗಿ ಪುಸ್ತಕದ ಮೇಲೆ ಬಗ್ಗಿದ.

"ಸಾಧಾರಣ ಅಲ್ಲ ಸ್ವಾಮೀ," ಎಂದ. "ಉತ್ತಮ ಅಂತ ಬರೆಯಿರಿ."