ಜನರೇಟರಿಗೊಂದು ತಟ್ಟೆ ಸಿಹಿ

ದೇವರು ಬೆಳಗಿನ ಜಾವವನ್ನು ಸೃಷ್ಟಿಸಿದ್ದೇ ಟೆಂಟಿನಲ್ಲಿ ಮಲಗುವವರಿಗಾಗಿ ಎಂಬುದು ವೆಂಡೆಲ್ ಹಾಗೆನ್‌ನ ದೃಢವಾದ ನಂಬಿಕೆ. ಸರೋವರದ ಮೇಲೆ ಮಂಜು, ಆಚೆ ದಡದಲ್ಲಿ ಕೂಗುವ ಲೂನ್ ಹಕ್ಕಿ, ಪೈನ್ ಮರದ ವಾಸನೆ, ತೆಳ್ಳನೆಯ ಬಟ್ಟೆಯೊಂದನ್ನು ಬಿಟ್ಟರೆ ತನಗೂ ಇಡೀ ಮಿನ್ನೆಸೋಟ ರಾಜ್ಯಕ್ಕೂ ನಡುವೆ ಏನೂ ಇಲ್ಲ. ಇಂಥ ಪುಣ್ಯಕಾಲದಲ್ಲಿ ಪಕ್ಕದ ಜಾಗದಿಂದ ಜನರೇಟರೊಂದು ಗುರ್ರೆಂದು ಶುರುವಾದರೆ ಸಾಧು ಮನುಷ್ಯನಿಗೂ ರಕ್ತ ಕುದಿಯುತ್ತದೆ. ವೆಂಡೆಲ್ ಸಾಧುವೇ, ಆದರೆ ರಕ್ತ ಇರುವ ಸಾಧು.

ಪಕ್ಕದಲ್ಲಿ ಬಂದು ನಿಂತಿದ್ದು ಬಸ್ಸಿನಷ್ಟು ಉದ್ದದ ಒಂದು ಮನೆಗಾಡಿ. ಅದರ ಯಜಮಾನರು ಪಕ್ಕದ ಅಯೋವಾ ರಾಜ್ಯದ ಗೇಲೆನ್ ಪ್ರೊಹಾಸ್ಕಾ ಮತ್ತು ಅವರ ಹೆಂಡತಿ ಡೆಲೋರಿಸ್. ಒಳಗೆ ಮಂಚ, ಒಲೆ, ಫ್ರಿಜ್ಜು, ಬಿಸಿನೀರಿನ ಸ್ನಾನ, ಗುಂಡಿ ಒತ್ತಿದರೆ ಪಕ್ಕಕ್ಕೆ ಉಬ್ಬಿಕೊಳ್ಳುವ ಗೋಡೆ. (ಮನುಷ್ಯರ ಹೊಟ್ಟೆ ಉಬ್ಬುವುದನ್ನು ನೋಡಿದ್ದೇವೆ, ಗೋಡೆ ಉಬ್ಬುವುದನ್ನು ವೆಂಡೆಲ್ ಅಂದೇ ನೋಡಿದ್ದು.) ಇಷ್ಟೆಲ್ಲ ಮನೆಯಲ್ಲೇ ಇತ್ತಲ್ಲ, ಅಲ್ಲೇ ಇರಬಾರದಿತ್ತೆ ಎಂಬುದು ಅವನ ಪ್ರಶ್ನೆ.

"ಬೆಳಿಗ್ಗೆ ಎಂಟರವರೆಗೆ ಸದ್ದು ಮಾಡಬಾರದು ಅಂತ ಕ್ಯಾಂಪಿನ ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ," ಎಂದ ವೆಂಡೆಲ್, ಕಾಫಿಯ ಕೆಟಲನ್ನು ಬೆಂಕಿಯ ಮೇಲಿಡುತ್ತ. "ನಾನು ಎದ್ದು, ನಾಲ್ಕು ಸೌದೆ ಸೀಳಿ, ಇನ್ನೂ ಬೆವರು ಒರೆಸಿಕೊಂಡಿಲ್ಲ, ಆಗಲೇ ಶುರು. ಮೌನ ಕಂಡ್ರೆ ಆಗಲ್ಲ ಈ ಜನಕ್ಕೆ."

ಅವನ ಹೆಂಡತಿ ಮಾರ್ಲಿಸ್ ಟೆಂಟಿನೊಳಗಿಂದ ಹೊರಗೆ ಬರುತ್ತಿದ್ದಳು. ಬರುತ್ತಿದ್ದಳು ಎಂದರೆ ಅದೊಂದು ಸುದೀರ್ಘ ಕಾರ್ಯಕ್ರಮ. ಮೊದಲು ಒಂದು ಮೊಣಕಾಲು, ಒಂದು ನರಳಿಕೆ. ಆಮೇಲೆ ಇನ್ನೊಂದು ಮೊಣಕಾಲು, ಇನ್ನೊಂದು ನರಳಿಕೆ. ಕೊನೆಗೆ ಮಡಿಸುವ ಕುರ್ಚಿಯ ಕೈ ಹಿಡಿದು ಮೇಲಕ್ಕೆ. ಮದುವೆಯಾದಾಗಿನಿಂದ ಪ್ರತಿ ಬೇಸಿಗೆ ಅವಳು ಈ ಟೆಂಟಿನಲ್ಲಿ ಮಲಗಿದ್ದಾಳೆ. ಮೊಣಕಾಲುಗಳು ಮಾತ್ರ ಈಚೆಗೆ ಮದುವೆಯ ಒಪ್ಪಂದವನ್ನು ಮರೆತಿದ್ದವು.

"ಹೋಗಿ ಕೇಳು," ಎಂದಳು. "'ದಯವಿಟ್ಟು ಎಂಟರವರೆಗೆ ಹಾಕ್ಬೇಡಿ' ಅನ್ನು. ಮುಗೀತಲ್ಲ."

ವೆಂಡೆಲ್ ಅವಳನ್ನು ದಿಗ್ಭ್ರಮೆಯಿಂದ ನೋಡಿದ. "ಹಾಗೆ ಮುಖಕ್ಕೆ ಹೊಡೆದ ಹಾಗೆ ಕೇಳೋದಾ? ನಾನೇನು ನ್ಯೂಯಾರ್ಕಿನವನಾ?"

ಅವನ ದಿಗ್ಭ್ರಮೆಯೂ ನ್ಯಾಯವಾದದ್ದೇ. ಅವನ ಊರಿನಲ್ಲಿ ಯಾರಿಗೂ ಯಾರೂ ದೂರು ಹೇಳುವುದಿಲ್ಲ. ನೆರೆಯವನ ನಾಯಿ ನಿಮ್ಮ ಕೋಳಿಯನ್ನು ತಿಂದರೆ, "ನಿಮ್ಮ ನಾಯಿ ದಿನೇದಿನೇ ಪುಷ್ಟಿಯಾಗ್ತಿದೆ" ಎಂದು ಮೆಚ್ಚಬೇಕು. ವಿಷಯ ತೀರಾ ಗಂಭೀರವಾದರೆ ಒಂದು ತಟ್ಟೆ ಸಿಹಿ ಮಾಡಿ ತೆಗೆದುಕೊಂಡು ಹೋಗಬೇಕು. ಉಳಿದದ್ದನ್ನು ಅವರೇ ಅರ್ಥಮಾಡಿಕೊಳ್ಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ವಿದ್ಯೆಯಲ್ಲಿ ತಾನು ಪಾರಂಗತ ಎಂದು ವೆಂಡೆಲ್ ತಿಳಿದಿದ್ದ. ನಿಜ ಹೇಳಬೇಕೆಂದರೆ ಇಷ್ಟು ಮರ್ಯಾದಸ್ಥ ಜನ ಪ್ರಪಂಚದಲ್ಲಿ ಇನ್ನೆಲ್ಲೂ ಸಿಗಲಾರರು. ಸಿಕ್ಕಿದರೂ ತಾವು ಅಂಥವರೆಂದು ಹೇಳಿಕೊಳ್ಳಲಾರರು.

"ಸರಿ, ಹಾಗಿದ್ರೆ ಪಂದ್ಯ," ಎಂದಳು ಮಾರ್ಲಿಸ್, ಮೊಣಕಾಲು ನೀವಿಕೊಳ್ಳುತ್ತ. "ಈ ವಾರದೊಳಗೆ ಅವರ ಜನರೇಟರ್ ನಿಂತ್ರೆ ಮುಂದಿನ ವರ್ಷನೂ ಟೆಂಟೇ, ನಾನು ಉಸಿರೆತ್ತಲ್ಲ. ನಿಲ್ಲದಿದ್ರೆ ನಾವೂ ಒಂದು ಮನೆಗಾಡಿ ತಗೋಳೋದು. ಸಣ್ಣದೇ ಸಾಕು. ಮಂಚ ಒಂದಿರ್ಲಿ."

ವೆಂಡೆಲ್ ಒಮ್ಮೆ ಮನೆಗಾಡಿಯನ್ನೂ ಒಮ್ಮೆ ಟೆಂಟನ್ನೂ ನೋಡಿದ. ಆದರೆ ವಿದ್ಯೆಯ ಮೇಲೆ ನಂಬಿಕೆ ಇದ್ದವನು ಹಿಂದೆ ಸರಿಯುತ್ತಾನೆಯೇ? ಒಪ್ಪಿಕೊಂಡ. ಮಾರ್ಲಿಸ್ ವಾರಕ್ಕಾಗಲೆಂದು ಮನೆಯಿಂದ ಮಾಡಿ ತಂದಿದ್ದ ಕಡಲೆಕಾಯಿ ಬೆಣ್ಣೆ ಮತ್ತು ಚಾಕಲೇಟಿನ ಬರ್ಫಿಯನ್ನು, ಅವಳಿಗೆ ಒಂದು ಚೂರೂ ಉಳಿಸದೆ, ತಟ್ಟೆಯ ಸಮೇತ ಎತ್ತಿಕೊಂಡು ಹೊರಟ.

ಗೇಲೆನ್ ಮನೆಗಾಡಿಯ ನೆರಳಿನಲ್ಲಿ ಕುಳಿತಿದ್ದರು. ಕಣ್ಣು ಸ್ವಲ್ಪ ಕೆಂಪಾಗಿತ್ತು. ಇಬ್ಬರೂ ಮೊದಲು ಹವೆಯ ಬಗ್ಗೆ ಮಾತಾಡಿದರು. ಆಮೇಲೆ ನಿನ್ನೆಯ ಹವೆ. ಆಮೇಲೆ ಅಯೋವಾದ ಹವೆ. ಕೊನೆಗೆ ಸಮಯ ನೋಡಿ ವೆಂಡೆಲ್ ಬಾಣ ಬಿಟ್ಟ.

"ನಿಮ್ಮ ಜನರೇಟರ್ ಭಾರಿ ಶಕ್ತಿವಂತ ಅನ್ಸುತ್ತೆ."

"ಹೌದು, ಪರವಾಗಿಲ್ಲ," ಎಂದರು ಗೇಲೆನ್. "ಅದು ಹಾಕಿದ್ರೆ ಹೊರಗಿನದು ಏನೂ ಕೇಳಿಸಲ್ಲ." ಸ್ವಲ್ಪ ತಡೆದು, "ನಿಮ್ಮ ಕೊಡಲಿನೂ ಭಾರಿ ಗಟ್ಟಿ ಅನ್ಸುತ್ತೆ," ಎಂದರು.

"ನಮ್ಮ ತಾತಂದು," ಎಂದ ವೆಂಡೆಲ್, ಎದೆ ಉಬ್ಬಿಸಿ.

"ತಾತನೂ ಬೆಳಿಗ್ಗೆ ಬೇಗ ಏಳ್ತಿದ್ರಾ?"

"ಕೋಳಿಗಿಂತ ಮೊದಲು."

"ಓಹೋ," ಎಂದರು ಗೇಲೆನ್. ಅವರ ದನಿ ಸ್ವಲ್ಪ ಕುಗ್ಗಿತ್ತು.

ವೆಂಡೆಲ್ ಹೂವಿನ ಮೇಲೆ ನಡೆದಂತೆ ವಾಪಸು ಬಂದ. "ಹೇಳಿಬಿಟ್ಟೆ," ಎಂದ ಮಾರ್ಲಿಸ್‌ಗೆ. "ಒಳ್ಳೇ ಮನುಷ್ಯ. ನಮ್ಮ ತಾತನ ಕೊಡಲಿನ ಎಷ್ಟು ಹೊಗಳಿದ ಗೊತ್ತಾ. ಮನೆಗಾಡಿಯವರಲ್ಲೂ ರಸಿಕರು ಇರ್ತಾರೆ."

"ನನ್ನ ಬರ್ಫಿ ಎಲ್ಲಿ?" ಎಂದಳು ಮಾರ್ಲಿಸ್.

ಮರುದಿನ ಮಂಜು ಏಳುವ ಹೊತ್ತಿಗೆ ವೆಂಡೆಲ್ ಎಂದಿನಂತೆ ಸೌದೆ ಸೀಳಿದ. ಟಕ್. ಟಕ್. ಕಾಡಿನಲ್ಲಿ ಕೊಡಲಿಯ ಸದ್ದು ಅವನ ಲೆಕ್ಕದಲ್ಲಿ ಸದ್ದೇ ಅಲ್ಲ. ಅದು ಲೂನ್ ಹಕ್ಕಿಯ ಕೂಗಿನ ಹಾಗೆ ಪ್ರಕೃತಿಯ ಒಂದು ಅಂಗ. ಮಾರ್ಲಿಸ್‌ಗೂ ಅಷ್ಟೆ, ಇಷ್ಟು ವರ್ಷ ಕೇಳಿ ಕೇಳಿ ಅದು ಮನೆಯ ಗೋಡೆ ಗಡಿಯಾರದಂತೆ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ಮೂರನೆಯ ತುಂಡು ಬೀಳುವಷ್ಟರಲ್ಲಿ ಜನರೇಟರ್ ಗುರ್ರೆಂದಿತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಕಾಣುತ್ತದೆ ಎಂಬ ಗಾದೆ ಅವನಂಥ ನಾರ್ವೆ ಮೂಲದವರಲ್ಲಿ ಇಲ್ಲವೋ ಏನೋ. ವೆಂಡೆಲ್ ಕೊಡಲಿಗೆ ಒರಗಿ ನಿಂತು ನಿಟ್ಟುಸಿರು ಬಿಟ್ಟ.

ಆದರೆ ಮಧ್ಯಾಹ್ನ ಗೇಲೆನ್ ತಾವೇ ಬಂದರು. ಕೈಗಾಡಿಯ ತುಂಬ ಸೌದೆ, ಎಲ್ಲ ಸೀಳಿ ಒಪ್ಪವಾಗಿ ಕಟ್ಟಿದ್ದು. "ಅಂಗಡಿ ಕಡೆ ಹೋಗಿದ್ದೆ," ಎಂದರು. "ಇಡೀ ವಾರಕ್ಕೆ ಸಾಕಾಗುತ್ತೆ. ಇನ್ನು ನೀವು ಬೆಳಿಗ್ಗೆ ಎದ್ದು ಕಷ್ಟಪಡೋದೇ ಬೇಡ."

ವೆಂಡೆಲ್‌ಗೆ ಕಣ್ಣು ತುಂಬಿ ಬಂತು. ಸಂಬಂಧವಿಲ್ಲದ ಮನುಷ್ಯ, ಮೊಣಕಾಲಿಗೊಂದು ಪಟ್ಟಿ ಕಟ್ಟಿಕೊಂಡವರು, ತನಗಾಗಿ ಸೌದೆ ಹೊತ್ತು ತಂದಿದ್ದಾರೆ. ಇಂಥ ಔದಾರ್ಯಕ್ಕೆ ಪ್ರತಿಯಾಗಿ ಏನು ಕೊಡುವುದು? ರಾತ್ರಿಯೆಲ್ಲ ಯೋಚಿಸಿ ಬೆಳಗಿನ ಜಾವಕ್ಕೆ ಉಪಾಯ ಹೊಳೆಯಿತು. ಆ ಸೌದೆಯನ್ನೇ ಬೆರಳಷ್ಟು ತೆಳ್ಳಗೆ ಸೀಳಿ, ಬೆಂಕಿ ಹಚ್ಚಲು ಅನುಕೂಲವಾಗುವಂತೆ ಚಕ್ಕೆ ಮಾಡಿ, ಅವರ ಬಾಗಿಲಿಗೇ ಜೋಡಿಸಿಟ್ಟು ಬಂದ. ತೆಳ್ಳಗೆ ಸೀಳಬೇಕೆಂದರೆ ಏಟುಗಳು ಜಾಸ್ತಿ, ಹೇಳಬೇಕಾಗಿಲ್ಲ. ಆ ದಿನ ಜನರೇಟರ್ ಬಹಳ ಹೊತ್ತು ಓಡಿತು.

ಅದರ ಮರುದಿನ ಡೆಲೋರಿಸ್ ಸರದಿ. ಬೆಳಕು ಹರಿಯುವ ಮುಂಚೆಯೇ, ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಕೈಯಲ್ಲಿ ಫ್ಲಾಸ್ಕು ಹಿಡಿದು ಟೆಂಟಿನ ಮುಂದೆ ನಿಂತಿದ್ದರು. "ಬಿಸಿ ಕಾಫಿ," ಎಂದರು. "ಬೆಂಕಿ ಹಚ್ಚೋ ತಾಪತ್ರಯವೇ ಇರಲ್ಲ. ಕುಡಿದು ಇನ್ನೊಂದು ಗಳಿಗೆ ಮಲ್ಕೊಳ್ಳಿ ಹಾಗೆನ್‌ರೇ. ಮಲಗೋದು ಆರೋಗ್ಯಕ್ಕೆ ಬಹಳ ಒಳ್ಳೇದಂತೆ."

ಕಾಫಿ ಅಮೃತದಂತಿತ್ತು. ಕುಡಿದ ಮೇಲೆ ಮೈಯಲ್ಲಿ ಹೊಸ ಹುರುಪು ಬಂತು. ಆ ಹುರುಪನ್ನೆಲ್ಲ ವೆಂಡೆಲ್ ಅವರ ಸಂಜೆಯ ಬೆಂಕಿಗೆ ಬೇಕಾಗುವ ದಪ್ಪ ದಿಮ್ಮಿಗಳನ್ನು ಸೀಳುವುದಕ್ಕೆ ಬಳಸಿದ.

"ಇಷ್ಟು ಒಳ್ಳೇ ಜನ," ಎಂದ ಮಾರ್ಲಿಸ್‌ಗೆ, ಜನರೇಟರಿನ ಸದ್ದಿನಲ್ಲಿ ಕೂಗಿ ಹೇಳುತ್ತ. "ಆದ್ರೆ ಒಂದು ಸಣ್ಣ ಸೂಚನೆ ಅರ್ಥ ಆಗಲ್ಲ ನೋಡು."

ಮಾರ್ಲಿಸ್ ಅಂದು ಕಾಫಿಯ ಬಟ್ಟಲನ್ನು ಕೆಳಗಿಟ್ಟು ಗಂಡನನ್ನು ನೋಡಿದಳು, ಅವನ ಕೈಯಲ್ಲಿದ್ದ ಕೊಡಲಿಯನ್ನು ನೋಡಿದಳು, ಮನೆಗಾಡಿಯ ಬಾಗಿಲಿಗೆ ಜೋಡಿಸಿದ್ದ ಚಕ್ಕೆಗಳ ಗೋಪುರವನ್ನು ನೋಡಿದಳು. "ನನ್ನ ಬರ್ಫಿ ತಟ್ಟೆ ವಾಪಸ್ ತಗೊಂಡು ಬರ್ತೀನಿ," ಎಂದು ಎದ್ದಳು.

ಹೋದವಳು ಬರಲೇ ಇಲ್ಲ. ವೆಂಡೆಲ್ ಕಾಫಿ ಮುಗಿಸಿದ, ತಟ್ಟೆ ಲೋಟ ತೊಳೆದ, ಗಾಳ ಹಾಕಿ ಮೀನೊಂದನ್ನು ಹಿಡಿದು ಅದನ್ನೂ ಬಿಟ್ಟ. ಮನೆಗಾಡಿಯ ಕಿಟಕಿಯಿಂದ ನಗು ಕೇಳಿಸುತ್ತಿತ್ತು. ಮಾರ್ಲಿಸ್‌ಳ ನಗುವನ್ನು ಅಷ್ಟು ದೊಡ್ಡದಾಗಿ ಕೇಳಿ ಬಹಳ ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ಹಿಡಿದು ಬಂದಳು, ತಟ್ಟೆಯ ತುಂಬ ಹಣ್ಣಿನ ಕಡುಬು. (ಖಾಲಿ ತಟ್ಟೆ ಕೊಡುವುದು ಅಯೋವಾದಲ್ಲೂ ಪಾಪವೇ.)

ಮರುದಿನ ವೆಂಡೆಲ್ ಎದ್ದಾಗ ಕೊಡಲಿ ಇರಲಿಲ್ಲ. "ಗೇಲೆನ್‌ಗೆ ಬೇಕಿತ್ತಂತೆ," ಎಂದಳು ಮಾರ್ಲಿಸ್, ಕಣ್ಣು ಮುಚ್ಚಿಕೊಂಡೇ. ರಸಿಕ ಮನುಷ್ಯ, ತಗೊಳ್ಳಲಿ ಎಂದುಕೊಂಡು ವೆಂಡೆಲ್ ಕುರ್ಚಿಯಲ್ಲಿ ಕುಳಿತ. ಮಂಜು ಎದ್ದಿತು. ಲೂನ್ ಕೂಗಿತು. ಜನರೇಟರ್ ಕೂಗಲಿಲ್ಲ. ಅವನು ಕಾದ. ಬಿಸಿಲು ಮರದ ತುದಿಗೆ ಬಂತು. ಎಂಟು ಹೊಡೆದ ಮೇಲೂ ಮೌನ.

"ನಿಂತಿತು," ಎಂದ ವೆಂಡೆಲ್, ಟೆಂಟಿನೊಳಗೆ ತಲೆ ಹಾಕಿ. "ಬಾಯಿ ಬಿಡದೆ ನಿಲ್ಲಿಸಿದೆ. ಒಂದು ತಟ್ಟೆ ಬರ್ಫಿ, ಒಂದಿಷ್ಟು ಚಕ್ಕೆ. ಇದಕ್ಕೆ ಹೇಳೋದು ಸಂಸ್ಕಾರ ಅಂತ."

"ನಾನೇ ಕೇಳ್ದೆ, 'ಈ ಜನರೇಟರ್ ಯಾಕೆ ಹಾಕ್ತೀರಿ' ಅಂತ," ಎಂದಳು ಮಾರ್ಲಿಸ್.

"ಕೇಳ್ದೆಯಾ? ಬಾಯಿಬಿಟ್ಟು?"

"ಬಾಯಿಬಿಟ್ಟು. ಡೆಲೋರಿಸ್‌ಗೆ ಅಳುವೇ ಬಂತು ಪಾಪ, ಹೇಳ್ಕೊಳ್ಳೋಕೆ ಒಬ್ರು ಸಿಕ್ಕಿದ್ರಲ್ಲ ಅಂತ. ನಿನ್ನ ಕೊಡಲಿ ಸದ್ದು ಮುಚ್ಚೋಕೆ ಹಾಕ್ತಿದ್ರು, ವೆಂಡೆಲ್. ಜನರೇಟರ್ ಒಂದೇ ಸಮ ಗುಂಯ್ ಅನ್ನುತ್ತೆ, ಅದರಲ್ಲಿ ನಿದ್ದೆ ಬರುತ್ತಂತೆ. ಕೊಡಲಿ ಹಾಗಲ್ಲ. ಒಂದು ಏಟು ಬಿದ್ಮೇಲೆ ಇನ್ನೊಂದು ಯಾವಾಗ ಅಂತ ಕಾಯ್ತಾ ಮಲಗಿರಬೇಕು. ಸೌದೆ ತಂದ್ರು, ಅದನ್ನೂ ಸೀಳಿದೆ. ಕಾಫಿ ತಂದ್ರು, ಇನ್ನಷ್ಟು ಸೀಳಿದೆ. ಇನ್ನೊಂದು ದಿನ ಕಳೆದಿದ್ರೆ ಗಾಡಿ ತಿರುಗಿಸ್ಕೊಂಡು ಊರಿಗೇ ಹೋಗ್ತಿದ್ರು, ನಿನಗೆ ಬೇಜಾರಾಗ್ಬಾರ್ದು ಅಂತ ಏನೂ ಹೇಳದೆ."

ಇಷ್ಟು ವರ್ಷ ಎಷ್ಟು ಬೇಸಿಗೆ, ಎಷ್ಟು ಕ್ಯಾಂಪು, ಎಷ್ಟು ಜನ ತನ್ನ ಕೊಡಲಿಯನ್ನು ಹೊಗಳಿದ್ದರು ಎಂದು ನೆನೆದು ವೆಂಡೆಲ್‌ನ ಕಿವಿ ಬಿಸಿಯಾಯಿತು. ಅವನಿಗೆ ನಾಚಿಕೆಯೂ ಆಯಿತು, ಆ ಅಯೋವಾದವರ ಮೇಲೆ ಪ್ರೀತಿಯೂ ಉಕ್ಕಿತು. ಎಲ್ಲಕ್ಕಿಂತ ಹೆಚ್ಚಾಗಿ, ಎಂಥ ಹೆಂಡತಿ ಇವಳು ಎನ್ನಿಸಿತು. ತಾನು ಅಷ್ಟು ದಿನ ಸುತ್ತಿ ಸುತ್ತಿ ಬಂದ ಜಾಗಕ್ಕೆ ಅವಳು ಒಂದೇ ಮಾತಿನಲ್ಲಿ ನೆಟ್ಟಗೆ ಹೋಗಿ ಕುಳಿತಿದ್ದಳು.

"ಆದ್ರೆ ಮಾತು ಅಂದ್ರೆ ಮಾತು," ಎಂದಳು ಮಾರ್ಲಿಸ್, ಏಳುತ್ತ. ಮೊಣಕಾಲು, ನರಳಿಕೆ; ಮೊಣಕಾಲು, ನರಳಿಕೆ. "ಜನರೇಟರ್ ನಿಲ್ತು. ಪಂದ್ಯ ನಿಂದೇ. ಟೆಂಟೂ ನಿಂದೇ." ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡಳು. "ಅವರ ಹತ್ರ ಒಂದು ಮಂಚ ಖಾಲಿ ಇದೆ. ಡೆಲೋರಿಸ್ ಬಾ ಅಂದ್ರು, ನಾನು ಸರಿ ಅಂದೆ. ಬೇಡ ಬೇಡ ಅಂತ ಮೂರು ಸಲ ಹೇಳಿ ಆಮೇಲೆ ಒಪ್ಕೋಬೇಕಿತ್ತು, ಆದ್ರೆ ನನ್ನ ಮೊಣಕಾಲಿಗೆ ಅಷ್ಟು ಹೊತ್ತಿಲ್ಲ."

ಹೀಗೆ ವೆಂಡೆಲ್ ಪಂದ್ಯ ಗೆದ್ದ ಸಾಮ್ರಾಟನಾಗಿ ಇಡೀ ಟೆಂಟಿಗೆ ಒಡೆಯನಾದ. ಕೈಕಾಲು ಚಾಚಿದಷ್ಟೂ ಜಾಗ. ಕೇಳಿದಷ್ಟೂ ಮೌನ. ಒಂದು ದಿನ ಕಳೆಯುವಷ್ಟರಲ್ಲಿ ಅವನಿಗೆ ಗೊತ್ತಾಯಿತು, ಮೌನ ಎಂದರೆ ತಾನು ಅಂದುಕೊಂಡದ್ದು ಬರೀ ಮೌನವಲ್ಲ, ಪಕ್ಕದಲ್ಲಿ ಮಾರ್ಲಿಸ್ ಇರುವ ಮೌನ. "ನೋಡು, ಲೂನ್ ಕೂಗಿತು" ಎನ್ನಲು ಯಾರೂ ಇಲ್ಲದ ಮೇಲೆ ಲೂನ್ ಕೂಗಿದರೆಷ್ಟು, ಬಿಟ್ಟರೆಷ್ಟು?

ಶನಿವಾರ ಮಧ್ಯಾಹ್ನ ತುಂತುರು ಹಿಡಿಯಿತು. ಮನೆಗಾಡಿಯೊಳಗೆ ಇಸ್ಪೀಟು ನಡೆದಿತ್ತು; ಮಾರ್ಲಿಸ್ ಗೆದ್ದಾಗಲೆಲ್ಲ ಮೇಜು ಬಡಿಯುವ ಸದ್ದು ಕೇಳಿಸುತ್ತಿತ್ತು. ಬೆಣ್ಣೆಯಲ್ಲಿ ಏನೋ ಹುರಿಯುವ ಘಮ. ವೆಂಡೆಲ್ ಟೆಂಟಿನ ಒದ್ದೆ ನೆಲದ ಮೇಲೆ ಸಾಕಷ್ಟು ಹೊತ್ತು ಕುಳಿತಿದ್ದು, ಕೊನೆಗೆ ಟೋಪಿ ಹಾಕಿಕೊಂಡು ಹೋಗಿ ಮನೆಗಾಡಿಯ ಬಾಗಿಲು ತಟ್ಟಿದ. ಗೇಲೆನ್ ತೆರೆದರು. ನಿದ್ದೆ ಸಿಕ್ಕ ಮುಖ, ಗೆಲುವಾಗಿತ್ತು.

"ಸ್ವಲ್ಪ ತುಂತುರು ಅಲ್ವಾ," ಎಂದ ವೆಂಡೆಲ್.

"ಹೌದು, ಸ್ವಲ್ಪ," ಎಂದರು ಗೇಲೆನ್.

"ಟೆಂಟಿನ ನೆಲನೂ ಸ್ವಲ್ಪ ತೇವ ಆಗಿದೆ."

"ಆಗಿರುತ್ತೆ."

"ಏನೋ ಒಳ್ಳೇ ವಾಸನೆ ಬರ್ತಿದೆ."

"ಬರ್ತಿದೆ." ಗೇಲೆನ್ ಸಂಕಟದಿಂದ ಕತ್ತು ಕೆರೆದುಕೊಂಡರು. "ಹಾಗೆನ್‌ರೇ, ನನಗೆಲ್ಲ ಅರ್ಥ ಆಗ್ತಿದೆ. ಆದ್ರೆ ಮಾರ್ಲಿಸ್ ಕಟ್ಟುನಿಟ್ಟು ಮಾಡಿಬಿಟ್ಟಿದ್ದಾರೆ. ಈ ಬಾಗಿಲಲ್ಲಿ ಸೂಚನೆ ನಡೆಯಲ್ಲ, ಬೇಕಾದ್ದನ್ನ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಅಂತ. ನಾನೂ ನಿನ್ನೆ ಒಂದು ಕಪ್ ಕಾಫಿಗೆ ಮೂರು ಸಲ ಹೇಳಬೇಕಾಯ್ತು."

ವೆಂಡೆಲ್ ಮಳೆಯಲ್ಲಿ ನಿಂತ. ಅವನ ಅಪ್ಪ, ತಾತ, ಮುತ್ತಾತಂದಿರ ಪೈಕಿ ಯಾರೂ ಇಂಥ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡಿರಲಿಲ್ಲ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಟೋಪಿಯ ಅಂಚಿನಿಂದ ನೀರು ಮೂಗಿನ ಮೇಲೆ ಇಳಿಯುತ್ತಿತ್ತು.

"ನನಗೆ ಒಳಗೆ ಬರಬೇಕು," ಎಂದ. ಆ ಮಾತು ಹೊರಬಿದ್ದ ಮೇಲೆ ಉಳಿದದ್ದು ತಾನೇ ಜಾರಿತು. "ಟೆಂಟಲ್ಲಿ ಮಾರ್ಲಿಸ್ ಇಲ್ಲ. ನನಗೆ ಸಾಕಾಗಿದೆ. ನಾವೂ ಮಂಚ ಇರೋ ಗಾಡಿ ಒಂದು ತಗೋಳೋಣ, ಮಾರ್ಲಿಸ್."

ಒಳಗೆ ಇಸ್ಪೀಟೆಲೆಗಳ ಸದ್ದು ನಿಂತಿತು. ಡೆಲೋರಿಸ್ ಮೂಗೊರೆಸಿಕೊಂಡದ್ದು ಕೇಳಿಸಿತು. ಮಾರ್ಲಿಸ್ ತಲೆಯೆತ್ತದೆ, ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿಕೊಳ್ಳುತ್ತ ಹೇಳಿದಳು:

"ಷೂ ಹೊರಗೆ ಬಿಚ್ಚಿ ಬಾ. ಈಗಷ್ಟೇ ನೆಲ ಒರೆಸಿದ್ದೀನಿ."